ಅಯೂಬರ ಮಗ

1965ರ ಯುದ್ಧದ ಮಾತು ಬಂದಾಗ ಕೊಡಗಿನ ಕಡೆಯವರು ತಪ್ಪದೆ ಹೇಳುವ ಕಥೆಯೊಂದಿದೆ. ಜನರಲ್ ಕಾರ್ಯಪ್ಪನವರ ಮಗ ನಂದಾ ವಾಯುಪಡೆಯಲ್ಲಿದ್ದರು. ಯುದ್ಧ ಇನ್ನೇನು ನಿಲ್ಲುವ ಹೊತ್ತಿಗೆ, ಸೆಪ್ಟೆಂಬರ್ 22ರಂದು, ಅವರ ಹಂಟರ್ ವಿಮಾನಕ್ಕೆ ಗುಂಡು ತಗುಲಿ ಅವರು ಪಾಕಿಸ್ತಾನದಲ್ಲಿ ಸೆರೆಯಾದರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನರು ದೇಶ ಇಬ್ಭಾಗವಾಗುವ ಮೊದಲು ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಬೇಕಾದರೆ ಮಗನನ್ನು ಬಿಟ್ಟುಕೊಡುತ್ತೇನೆಂದು ಹೇಳಿ ಕಳಿಸಿದರು. ಸೆರೆ ಸಿಕ್ಕವರೆಲ್ಲ ನನ್ನ ಮಕ್ಕಳೇ, ಇವನೊಬ್ಬನಿಗೆ ವಿಶೇಷ ಉಪಚಾರ ಬೇಡ ಎಂದುಬಿಟ್ಟರು ಕಾರ್ಯಪ್ಪನವರು. ಆಸ್ಪತ್ರೆಯಲ್ಲಿದ್ದ ನಂದಾರನ್ನು ಅಯೂಬರ ಹೆಂಡತಿ ಮತ್ತು ಹಿರಿಯ ಮಗ ಅಖ್ತರ್ ಹೋಗಿ ಮಾತಾಡಿಸಿಕೊಂಡು ಬಂದರು.

ತರಗತಿಯಲ್ಲಿ ಈ ಕಥೆ ಹೇಳಿದಾಗ ಒಬ್ಬ ಹುಡುಗಿ, "ಮಿಸ್, ಅಯೂಬ್ ಖಾನರು ತಮ್ಮ ಮಕ್ಕಳ ವಿಷಯದಲ್ಲಿ ಹೇಗಿದ್ದರು?" ಎಂದು ಕೇಳಿದಳು. ಪಠ್ಯಪುಸ್ತಕದಲ್ಲಿ ಇಲ್ಲದ ಒಳ್ಳೆಯ ಪ್ರಶ್ನೆ. ಉತ್ತರ ಬೇಕೆಂದರೆ ಅಖ್ತರನ ತಮ್ಮ ಗೋಹರ್ ಅಯೂಬರ ಬದುಕನ್ನು ನೋಡಬೇಕು.

ಗೋಹರ್ ಹುಟ್ಟಿದ್ದು 1937ರಲ್ಲಿ. ಊರು ಹಜಾರಾ ಸೀಮೆಯ ಹರಿಪುರದ ಹತ್ತಿರದ ರೆಹಾನಾ ಎಂಬ ಹಳ್ಳಿ. ಅಪ್ಪ 1951ರಲ್ಲಿ ಪಾಕಿಸ್ತಾನದ ಮೊದಲ ಸ್ವದೇಶಿ ಸೇನಾಧಿಪತಿಯಾದಾಗ ಹುಡುಗನಿಗೆ ಹದಿನಾಲ್ಕು. ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಮುಗಿಸಿ ಅಧಿಕಾರಿಯಾಗಿ ಬಂದ. 1958ರ ಅಕ್ಟೋಬರಿನಲ್ಲಿ ದೇಶದ ಸಂವಿಧಾನ ರದ್ದಾಯಿತು, ಶಾಸನಸಭೆ ಮುಚ್ಚಿತು, ತಿಂಗಳು ತುಂಬುವುದರೊಳಗೆ ಅಪ್ಪನೇ ಅಧ್ಯಕ್ಷ. ಮಗ ಕೆಲಕಾಲ ಅಪ್ಪನ ಎಡಿಸಿ ಆಗಿದ್ದು, 1962ರಲ್ಲಿ ಕ್ಯಾಪ್ಟನ್ ದರ್ಜೆಯಲ್ಲೇ ಸೈನ್ಯ ಬಿಟ್ಟರು. ಇಪ್ಪತ್ತೈದು ವರ್ಷಕ್ಕೆ ನಿವೃತ್ತಿ!

ಮುಂದಿನದು ವ್ಯಾಪಾರ. ಮಾವ ಲೆಫ್ಟಿನೆಂಟ್ ಜನರಲ್ ಹಬೀಬುಲ್ಲಾ ಖಾನ್ ಖಟಕ್ ಕೂಡ ಸೈನ್ಯ ಬಿಟ್ಟವರೇ. ಕರಾಚಿಯಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯವರದೊಂದು ಬೆಡ್‌ಫರ್ಡ್ ಟ್ರಕ್ಕು ಜೋಡಿಸುವ ಕಾರ್ಖಾನೆಯಿತ್ತು. 1963ರಲ್ಲಿ ಖಟಕ್ ಅದನ್ನು ಕೊಂಡು ಗಾಂಧಾರ ಎಂದು ಹೆಸರಿಟ್ಟರು. ಮಾವ ಅಳಿಯ ಸೇರಿ ನಡೆಸಿದ ಈ ಉದ್ಯಮ ಬೆಳೆಯಿತು. ಪರವಾನಗಿಯಿಲ್ಲದೆ ಒಂದು ಮೊಳೆಯನ್ನೂ ಆಮದು ಮಾಡಿಕೊಳ್ಳಲಾಗದ ಕಾಲ ಅದು. ಪರವಾನಗಿ ಕೊಡುವ ಸರ್ಕಾರದ ಒಡೆಯ ಸ್ವಂತ ತಂದೆ. ಗೋಹರ್ ಇದನ್ನೆಲ್ಲ ದುಡಿಮೆಯ ಫಲವೆಂದೇ ಹೇಳುತ್ತಿದ್ದರು. ದುಡಿದಿರಲೂಬಹುದು. ಆದರೆ ಅಪ್ಪ ಗದ್ದುಗೆಯ ಮೇಲಿರುವಾಗ ಮಗ ಮಾಡಿದ ವ್ಯಾಪಾರ ಶುದ್ಧವೆಂದು ಯಾವ ಊರಿನ ಜನ ತಾನೇ ನಂಬಿಯಾರು?

ಕರಾಚಿಯವರು ಅವರನ್ನು ನೆನಪಿಟ್ಟುಕೊಂಡದ್ದು ಮಾತ್ರ ಟ್ರಕ್ಕಿನಿಂದಲ್ಲ. 1965ರ ಜನವರಿಯಲ್ಲಿ ಅಧ್ಯಕ್ಷರ ಚುನಾವಣೆ ನಡೆಯಿತು. ಅಯೂಬರ ಎದುರು ನಿಂತವರು ಜಿನ್ನಾರ ತಂಗಿ ಫಾತಿಮಾ ಜಿನ್ನಾ, ಎಪ್ಪತ್ತು ದಾಟಿದ ಹೆಂಗಸು. ಅವರ ಗುರುತು ಲಾಟೀನು, ಅಯೂಬರದು ಗುಲಾಬಿ. ಮತ ಹಾಕುವ ಹಕ್ಕು ಇದ್ದದ್ದು ಜನಕ್ಕಲ್ಲ, 80,000 ಮಂದಿ ಪ್ರತಿನಿಧಿಗಳಿಗೆ. ಅಯೂಬರು ಗೆದ್ದರು, ಆದರೆ ಕರಾಚಿ ಫಾತಿಮಾರ ಕಡೆಗಿತ್ತು. ಭಾರತದಿಂದ ವಲಸೆ ಹೋದ ಉರ್ದು ಮಾತಿನ ಜನ ತುಂಬಿದ್ದ ಆ ಊರಿನಿಂದ ಅಯೂಬರು ರಾಜಧಾನಿಯನ್ನೇ ಎತ್ತಿಕೊಂಡು ಹೋಗಿದ್ದರು. ಸೋತ ಆ ಊರಿನ ಬೀದಿಗಳಲ್ಲಿ ಗೋಹರ್ ವಿಜಯದ ಮೆರವಣಿಗೆ ಹೊರಡಿಸಿದರು. ಲಾಲೂಖೇತ್ ಮುಂತಾದ ಬಡಾವಣೆಗಳಲ್ಲಿ ಗಲಭೆ ಹೊತ್ತಿತು, ಗುಂಡು ಹಾರಿತು, ಜನ ಸತ್ತರು, ಗುಡಿಸಲುಗಳು ಬೆಂದವು. ಎಷ್ಟು ಮಂದಿ ಸತ್ತರೆಂಬ ಲೆಕ್ಕದಲ್ಲಿ ಒಮ್ಮತವಿಲ್ಲ. ಪಠಾಣರು ಮತ್ತು ಮುಹಾಜಿರರ ನಡುವೆ ಕರಾಚಿಯಲ್ಲಿ ಮುಂದೆ ದಶಕಗಟ್ಟಲೆ ಹರಿದ ರಕ್ತಕ್ಕೆ ಅಂದೇ ದಾರಿಯಾಯಿತೆಂದು ಹಲವರು ಬರೆಯುತ್ತಾರೆ. ಸೋತವರ ಮನೆಯ ಮುಂದೆ ಡೋಲು ಬಡಿಯಬಾರದೆಂದು ನಮ್ಮ ಹಳ್ಳಿಗಳಲ್ಲಿ ಅಕ್ಷರ ಬಾರದವರಿಗೂ ಗೊತ್ತು.

ಇದಾಗಿ ಎಂಟು ತಿಂಗಳಿಗೆ ಯುದ್ಧ, ನಾನು ಮೊದಲು ಹೇಳಿದ ಆಸ್ಪತ್ರೆಯ ಭೇಟಿ. ಒಂದೇ ಮನೆಯವರು, ಒಂದೇ ವರ್ಷ.

1968ರಲ್ಲಿ ಅಯೂಬರು ಹತ್ತು ವರ್ಷದ ಅಭಿವೃದ್ಧಿಯ ಉತ್ಸವ ನಡೆಸಿದರು. ಅದೇ ವರ್ಷ ಸರ್ಕಾರದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್, ದೇಶದ ಕೈಗಾರಿಕಾ ಸಂಪತ್ತಿನ ಮೂರರಲ್ಲಿ ಎರಡು ಪಾಲು 22 ಕುಟುಂಬಗಳ ಕೈಯಲ್ಲಿದೆ ಎಂದರು. ಸಕ್ಕರೆ ತುಟ್ಟಿಯಾಗಿತ್ತು, ವಿದ್ಯಾರ್ಥಿಗಳು ಬೀದಿಗಿಳಿದಿದ್ದರು, ಗಾಂಧಾರ ಎಂಬ ಹೆಸರು ಬೈಗುಳವಾಯಿತು. 1969ರ ಮಾರ್ಚ್ 25ರಂದು ಅಯೂಬರು ಕೆಳಗಿಳಿದರು. ಅಧ್ಯಕ್ಷರ ಸ್ಥಾನ ತೆರವಾದರೆ ರಾಷ್ಟ್ರೀಯ ಸಭೆಯ ಸ್ಪೀಕರ್ ಅದನ್ನು ವಹಿಸಿಕೊಳ್ಳಬೇಕೆಂದು ಅಯೂಬರೇ ಕೊಟ್ಟ 1962ರ ಸಂವಿಧಾನ ಹೇಳುತ್ತಿತ್ತು. ಅವರು ಸ್ಪೀಕರನ್ನು ಬದಿಗಿಟ್ಟು ಅಧಿಕಾರವನ್ನು ಸೇನಾಧಿಪತಿ ಯಾಹ್ಯಾ ಖಾನರ ಕೈಗಿತ್ತರು. ಎರಡೂವರೆ ವರ್ಷದಲ್ಲಿ ಪೂರ್ವ ಪಾಕಿಸ್ತಾನ ಕೈಬಿಟ್ಟುಹೋಯಿತು.

ಆಮೇಲಿನ ಇಪ್ಪತ್ತು ವರ್ಷ ಗೋಹರರಿಗೆ ಏಳುಬೀಳು. ಭುಟ್ಟೊ 1972ರಲ್ಲಿ ಗಾಂಧಾರವನ್ನು ರಾಷ್ಟ್ರೀಕರಣ ಮಾಡಿದರು. ಗೋಹರ್ ಅಸ್ಗರ್ ಖಾನರ ಪಕ್ಷ ಸೇರಿ ವಿರೋಧಪಕ್ಷದವರಾದರು. ಕೊನೆಗೆ ನವಾಜ್ ಷರೀಫರ ಜೊತೆಗೆ ನಿಂತು 1990ರ ನವೆಂಬರಿನಲ್ಲಿ ರಾಷ್ಟ್ರೀಯ ಸಭೆಯ ಸ್ಪೀಕರ್ ಆದರು. ಅಪ್ಪ ಯಾವ ಪೀಠವನ್ನು ದಾಟಿಕೊಂಡು ಹೋಗಿದ್ದರೋ ಅದೇ ಪೀಠ. ಅವರು ಅಲ್ಲಿರುವಾಗಲೇ, 1992ರಲ್ಲಿ, ಖಟಕ್ ಮನೆತನ ಆ ಕಾರ್ಖಾನೆಯನ್ನು ಸರ್ಕಾರದಿಂದ ಮತ್ತೆ ಕೊಂಡಿತು. 1993ರ ಏಪ್ರಿಲಿನಲ್ಲಿ ಅಧ್ಯಕ್ಷ ಗುಲಾಂ ಇಶಾಕ್ ಖಾನ್ ಸಭೆಯನ್ನು ವಿಸರ್ಜಿಸಿದರು, ಮೇ 26ರಂದು ಸುಪ್ರೀಂ ಕೋರ್ಟು ಮರಳಿ ಕೂರಿಸಿತು, ಜುಲೈನಲ್ಲಿ ಮತ್ತೆ ವಿಸರ್ಜನೆ. ಸಭೆಯಿಲ್ಲದ ಸ್ಪೀಕರ್ ಎಂದರೆ ಮಕ್ಕಳಿಲ್ಲದ ಶಾಲೆಗೆ ಹೆಡ್ ಮಾಸ್ತರ್ ಇದ್ದ ಹಾಗೆ. 1958ರಲ್ಲಿ ಮನೆಗೆ ಹೋದ ಶಾಸಕರ ಸಂಕಟ ಆಗ ಅವರಿಗೆ ಹೊಳೆದಿತ್ತೇ?

1997ರಲ್ಲಿ ವಿದೇಶಾಂಗ ಸಚಿವರಾಗಿ ದೆಹಲಿಗೆ ಬಂದು ಗುಜ್ರಾಲರನ್ನು ಕಂಡರು. ಮರುವರ್ಷ ಮೇ ತಿಂಗಳಲ್ಲಿ ನಾವು ಪೋಖ್ರಾನಿನಲ್ಲಿ ಅಣುಸ್ಫೋಟ ನಡೆಸಿದಾಗ, ಪಾಕಿಸ್ತಾನವೂ ನಡೆಸಲೇಬೇಕೆಂದು ಪಟ್ಟು ಹಿಡಿದವರಲ್ಲಿ ಅವರೊಬ್ಬರು. ಮೇ 28ರಂದು ಚಾಗೈ ಬೆಟ್ಟ ನಡುಗಿತು, ಅಂದೇ ಅಲ್ಲಿನವರ ವಿದೇಶಿ ಹಣದ ಖಾತೆಗಳನ್ನು ಸರ್ಕಾರ ಸ್ಥಗಿತಗೊಳಿಸಿತು. ಆಮೇಲೆ ನೀರು ಮತ್ತು ವಿದ್ಯುತ್ ಖಾತೆ. ವಿದ್ಯುತ್ ಕಳ್ಳತನ ಹಿಡಿಯಲು ಆ ಸರ್ಕಾರವೇ ಸೈನ್ಯವನ್ನು ಕರೆಸಿತು. 1999ರ ಅಕ್ಟೋಬರಿನಲ್ಲಿ ಸೈನ್ಯ ಕರೆಯದೆಯೂ ಬಂದಿತು. ಭಾರತದ ಬ್ರಿಗೇಡಿಯರೊಬ್ಬರು 1950ರ ದಶಕದಲ್ಲಿ 20,000 ರೂಪಾಯಿಗೆ ಯುದ್ಧದ ಯೋಜನೆ ಮಾರಿದ್ದರೆಂದು ಗೋಹರ್ ಮುಂದೆ ಹೇಳಿದ್ದುಂಟು. ಪುರಾವೆ ಕೊಡದ ಮಾತಿಗೆ ಇತಿಹಾಸದಲ್ಲಿ ಜಾಗ ಕೊಡಲು ನನಗೆ ಮನಸ್ಸಿಲ್ಲ.

ಪದವಿ ಇಲ್ಲದವರು ಚುನಾವಣೆಗೆ ನಿಲ್ಲುವಂತಿಲ್ಲವೆಂದು ಮುಷರಫ್ ನಿಯಮ ಮಾಡಿದ 2002ರ ಚುನಾವಣೆಯಲ್ಲಿ ಹರಿಪುರದಿಂದ ನಿಂತು ಗೆದ್ದವನು ಅಮೆರಿಕದಲ್ಲಿ ಓದಿದ ಮಗ ಒಮರ್. ಗೋಹರ್ 2023ರ ನವೆಂಬರ್ 17ರಂದು ತೀರಿಕೊಂಡರು. ಇಮ್ರಾನ್ ಖಾನರ ಪಕ್ಷ ಸೇರಿದ ಒಮರ್ 2024ರಲ್ಲಿ, ತಂದೆ ಸ್ಪೀಕರ್ ಆಗಿದ್ದ ಅದೇ ಸಭೆಯಲ್ಲಿ, ವಿರೋಧಪಕ್ಷದ ನಾಯಕರಾದರು. ಇಮ್ರಾನರ ಬಂಧನವಾದ 2023ರ ಮೇ 9ರಂದು ಗುಂಪುಗಳು ಸೈನ್ಯದ ಕಟ್ಟಡಗಳಿಗೂ ನುಗ್ಗಿದ್ದವು. ಆ ದಿನದ ಗಲಭೆಯ ಮೊಕದ್ದಮೆಯಲ್ಲಿ 2025ರ ಜುಲೈನಲ್ಲಿ ನ್ಯಾಯಾಲಯ ಫೀಲ್ಡ್ ಮಾರ್ಷಲ್ ಅಯೂಬರ ಈ ಮೊಮ್ಮಗನಿಗೆ ಹತ್ತು ವರ್ಷ ಸಜೆ ವಿಧಿಸಿತು. ಆಗಸ್ಟ್‌ನಲ್ಲಿ ಸಭೆಯ ಸದಸ್ಯತ್ವವೂ ಹೋಯಿತು.