ರಾಜ್ಯ ಮತ್ತು ದೈವಾನುಗ್ರಹ

ದೇವರು ಅಥವಾ ದೇವತೆಯೊಬ್ಬಳು ಒಂದು ನಾಡನ್ನು, ರಾಜವಂಶವನ್ನು ಅಥವಾ ಜನಾಂಗವನ್ನು ಇತರರಿಗಿಂತ ಹೆಚ್ಚಾಗಿ ಒಲಿದು ಕಾಪಾಡುತ್ತಾಳೆ ಎಂಬ ನಂಬಿಕೆಯನ್ನು ರಾಜ್ಯದ ದೈವಾನುಗ್ರಹ ಎನ್ನಬಹುದು. ಇದು ಜಗತ್ತಿನ ಅನೇಕ ಸಂಸ್ಕೃತಿಗಳಲ್ಲಿ ಕಂಡುಬರುತ್ತದೆ. ಕರ್ನಾಟಕದಲ್ಲಿ ಇದರ ಎರಡು ಪ್ರಮುಖ ನಿದರ್ಶನಗಳು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿಗೆ ಸಂಬಂಧಿಸಿವೆ. ಮೂಡಿಗೆರೆ ತಾಲ್ಲೂಕಿನ ಅಂಗಡಿಯು ಹೊಯ್ಸಳರ ಮೂಲಸ್ಥಾನ; ಹಿಂದೆ ಅದೇ ತಾಲ್ಲೂಕಿಗೆ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಕಳಸವು ಸಾಂತರ ಮೂಲದ ಭೈರರಸರ ರಾಜಧಾನಿಯಾಗಿತ್ತು. ಎರಡೂ ವಂಶಗಳು ತಮ್ಮ ಅಧಿಕಾರವು ದೇವಿಯ ವರದಿಂದ ಬಂದುದೆಂದು ಹೇಳಿಕೊಂಡಿವೆ.

ವರಪ್ರಸಾದದ ಬಿರುದುಗಳು

ಮಧ್ಯಕಾಲೀನ ಕನ್ನಡ ಶಾಸನಗಳಲ್ಲಿ ಅರಸನ ಬಿರುದುಗಳ ನಡುವೆ ಆತನಿಗೆ ವರವಿತ್ತ ದೇವತೆಯ ಹೆಸರು ಬರುವುದು ವಾಡಿಕೆ. ಹಾನಗಲ್ಲಿನ ಕದಂಬರು ಬನವಾಸಿಯ ಮಧುಕೇಶ್ವರನಿಂದ, ಗೋವೆಯ ಕದಂಬರು ಸಪ್ತಕೋಟೀಶ್ವರನಿಂದ, ಹೊಯ್ಸಳರು ವಾಸಂತಿಕಾ ದೇವಿಯಿಂದ ಮತ್ತು ಸಾಂತರರು ಪದ್ಮಾವತಿ ದೇವಿಯಿಂದ ವರಪ್ರಸಾದ ಪಡೆದವರೆಂದು ಕರೆದುಕೊಂಡಿದ್ದಾರೆ. ನೆರೆಹೊರೆಯ ಅರಸರು ಬೇರೆ ಬೇರೆ ದೇವತೆಗಳ ಹೆಸರಿನಲ್ಲಿ ಒಂದೇ ಬಗೆಯ ಬಿರುದನ್ನು ಧರಿಸಿರುವುದು ಗಮನಾರ್ಹ. ಒಬ್ಬನ ಬಿರುದು ಇನ್ನೊಬ್ಬನ ದೇವತೆಯನ್ನು ಅಲ್ಲಗಳೆಯುತ್ತಿರಲಿಲ್ಲ.

ಅಂಗಡಿ ಮತ್ತು ಹೊಂಬುಜದ ಐತಿಹ್ಯಗಳು

ಹೊಯ್ಸಳರ ಮೂಲವನ್ನು ಹೇಳುವ ಐತಿಹ್ಯದ ಪ್ರಕಾರ, ಸೊಸೆವೂರಿನಲ್ಲಿ (ಇಂದಿನ ಅಂಗಡಿ) ವಾಸಂತಿಕಾ ದೇವಿಯ ಸನ್ನಿಧಿಯ ಬಳಿ ಹುಲಿಯೊಂದು ಎರಗಿದಾಗ ಜೈನ ಮುನಿಯ ಮಾತಿನಂತೆ ಸಳನು ಅದನ್ನು ಹೊಡೆದು ಕೊಂದನು. ಸಾಂತರರ ಐತಿಹ್ಯದಲ್ಲಿ ಜಿನದತ್ತರಾಯನು ಉತ್ತರದ ಮಧುರೆಯಿಂದ ಪದ್ಮಾವತಿಯ ವಿಗ್ರಹದೊಡನೆ ಬಂದು, ಇಂದಿನ ಶಿವಮೊಗ್ಗ ಜಿಲ್ಲೆಯ ಹೊಂಬುಜದಲ್ಲಿ (ಹುಂಚ) ದೇವಿಯ ಅನುಗ್ರಹದಿಂದ ರಾಜ್ಯ ಸ್ಥಾಪಿಸಿದನು. ಎರಡೂ ಕಥೆಗಳು ಐತಿಹಾಸಿಕ ವರದಿಗಳಲ್ಲ. ಹೊಸ ವಂಶವೊಂದಕ್ಕೆ ಆಳುವ ಹಕ್ಕು ಎಲ್ಲಿಂದ ಬಂತು ಎಂಬುದಕ್ಕೆ ನೀಡಿದ ಸಮಾಧಾನಗಳು.

ಜೈನ ತತ್ತ್ವದ ದೃಷ್ಟಿಯಿಂದ ಇಲ್ಲೊಂದು ಸೂಕ್ಷ್ಮವಿದೆ. ಜೈನರು ಪೂಜಿಸುವ ತೀರ್ಥಂಕರರು ವೀತರಾಗರು, ಅಂದರೆ ರಾಗದ್ವೇಷಗಳನ್ನು ಗೆದ್ದವರು. ಆದ್ದರಿಂದ ಅವರು ಯಾರಿಗೂ ಒಲಿಯುವುದಿಲ್ಲ, ಯಾರ ಮೇಲೂ ಮುನಿಯುವುದಿಲ್ಲ. ವರ ನೀಡುವ ಕಾರ್ಯವು ಪಾರ್ಶ್ವನಾಥನ ಯಕ್ಷಿಯಾದ ಪದ್ಮಾವತಿಯಂತಹ ಶಾಸನದೇವತೆಗಳಿಗೆ ಸೇರಿದೆ. ಹೀಗೆ ರಾಜ್ಯಕ್ಕೆ ಬೇಕಾದ ಒಲವು ಪರಮಪದದಲ್ಲಿ ಇಲ್ಲ, ಅದರ ಕೆಳಗಿನ ಸ್ತರದಲ್ಲಿದೆ.

ಕಳಸ-ಕಾರ್ಕಳ ಸಂಸ್ಥಾನ

ಸಾಂತರರ ಒಂದು ಶಾಖೆಯು ಭದ್ರಾ ನದಿಯ ದಡದ ಕಳಸದಿಂದಲೂ ಬಳಿಕ ಘಟ್ಟದ ಕೆಳಗಿನ ಕಾರ್ಕಳದಿಂದಲೂ ಆಳ್ವಿಕೆ ನಡೆಸಿತು. 13ನೇ ಶತಮಾನದಲ್ಲಿ ಜಾಕಲ ಮಹಾದೇವಿ ಮತ್ತು ಕಾಳಲ ಮಹಾದೇವಿ ಎಂಬ ರಾಣಿಯರು ಇಲ್ಲಿ ರಾಜ್ಯವಾಳಿದರು. ಅರಸರು ಜೈನರಾಗಿದ್ದರೂ ಕಳಸದ ಪ್ರಧಾನ ದೇವರು ಶಿವನ ರೂಪವಾದ ಕಳಸನಾಥ (ಕಳಸೇಶ್ವರ). ಆ ದೇವಾಲಯಕ್ಕೆ ಅರಸು ಮನೆತನದಿಂದ ದತ್ತಿಗಳು ಸಂದಿವೆ. ಇದೇ ವಂಶದ ವೀರಪಾಂಡ್ಯನು 1432ರಲ್ಲಿ ಕಾರ್ಕಳದ ಬಾಹುಬಲಿಯ ಏಕಶಿಲಾ ಮೂರ್ತಿಯನ್ನು ಪ್ರತಿಷ್ಠಾಪಿಸಿದನು. ಇಮ್ಮಡಿ ಭೈರರಸನು 1586ರಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದನು.

ಪದ್ಮಾವತಿಯ ವರಪುತ್ರರೆಂಬ ಪರಂಪರೆಯ ಅರಸರು ಕಳಸನಾಥನನ್ನೂ ನಡೆದುಕೊಂಡುದಕ್ಕೆ ಸ್ಥಳದ ದೇವರೆಂಬ ಕಲ್ಪನೆಯೇ ಕಾರಣವೆಂದು ತಿಳಿಯಬಹುದು. ತುಳುನಾಡಿನಲ್ಲಿ ಸೀಮೆಗೆ ಸೇರಿದ ರಾಜನ್ ದೈವ, ಮಲೆನಾಡಿನಲ್ಲಿ ಊರಿಗೆ ಸೇರಿದ ಗ್ರಾಮದೇವತೆ ಎಂಬ ವ್ಯವಸ್ಥೆ ಇಂದಿಗೂ ಇದೆ. ಅಲ್ಲಿ ದೈವಕ್ಕೆ ಒಂದು ಗಡಿ ಇರುತ್ತದೆ. ಗಡಿಯಾಚೆಗಿನ ಜನಕ್ಕೆ ಅವರದೇ ದೈವವಿರುತ್ತದೆ. ಈ ಅರ್ಥದಲ್ಲಿ ದೈವಾನುಗ್ರಹವು ಒಂದು ನಾಡಿನ ಮೇಲಿನ ಪಕ್ಷಪಾತಕ್ಕಿಂತ ಹೆಚ್ಚಾಗಿ ಆ ನಾಡನ್ನು ಕಾಯುವ ಹೊಣೆಯಾಗಿದೆ.

ವಿಜಯನಗರ ಮತ್ತು ಮೈಸೂರು

ವಿಜಯನಗರದ ಅರಸರು ಹಂಪೆಯ ವಿರೂಪಾಕ್ಷನ ಹೆಸರಿನಲ್ಲಿ ಆಳಿದರು. ಅವರ ಸಂಸ್ಕೃತ ತಾಮ್ರಶಾಸನಗಳ ಕೊನೆಯಲ್ಲಿಯೂ ಆ ದೇವರ ಹೆಸರೇ ಅಂಕಿತವಾಗಿ ಕನ್ನಡ ಲಿಪಿಯಲ್ಲಿದೆ. 1565ರ ಯುದ್ಧದ ನಂತರ ರಾಜಧಾನಿ ಹಂಪೆಯಿಂದ ದೂರವಾದಾಗ, ಅರವೀಡು ವಂಶದ ಕಾಲದಲ್ಲಿ ತಿರುಪತಿಯ ವೆಂಕಟೇಶನ ಅಂಕಿತವು ಬಳಕೆಗೆ ಬಂತು. ದೇವರ ಹೆಸರಿನಲ್ಲಿ ಆಳುವವನು ಪ್ರಜೆಗಳ ಮತಗಳಲ್ಲಿ ಭೇದವೆಣಿಸಬಾರದು ಎಂಬ ನಿಲುವೂ ಇದೇ ರಾಜ್ಯದಲ್ಲಿ ದಾಖಲಾಗಿದೆ. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ಒಂದನೆಯ ಬುಕ್ಕನು ಬಗೆಹರಿಸಿ, ಎರಡೂ ದರ್ಶನಗಳ ನಡುವೆ ಭೇದವಿಲ್ಲವೆಂದು ಸಾರಿದ 1368ರ ಶಾಸನ ಶ್ರವಣಬೆಳಗೊಳದಲ್ಲಿದೆ.

ಮಲೆನಾಡಿನ ಇನ್ನೊಂದು ಕ್ಷೇತ್ರವಾದ ಶೃಂಗೇರಿಯು ಮೂರನೆಯ ಆಂಗ್ಲೋ-ಮೈಸೂರು ಯುದ್ಧದ ಸಮಯದಲ್ಲಿ, 1791ರಲ್ಲಿ, ಮರಾಠಾ ಪಡೆಯ ಲೂಟಿಗೆ ಒಳಗಾಯಿತು. ಟಿಪ್ಪು ಸುಲ್ತಾನನು ಮಠದ ಪುನರುದ್ಧಾರಕ್ಕೆ ನೆರವು ನೀಡಿ, ರಾಜ್ಯದ ಕ್ಷೇಮಕ್ಕಾಗಿ ಸಹಸ್ರಚಂಡಿ ಜಪ ನಡೆಸುವಂತೆ ಕೋರಿದನು. ಈ ಪತ್ರಗಳನ್ನು 1916ರಲ್ಲಿ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಮುಸ್ಲಿಂ ಅರಸನು ಹಿಂದೂ ಮಠದಿಂದ ರಾಜ್ಯರಕ್ಷೆಯ ಪ್ರಾರ್ಥನೆ ಬಯಸಿದನು. ಆ ಮಠವನ್ನು ದೋಚಿದ ಪಡೆ ಹಿಂದೂ ರಾಜ್ಯದ್ದಾಗಿತ್ತು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಮೈಸೂರು ತನ್ನ ಅರ್ಧದಷ್ಟು ಪ್ರದೇಶವನ್ನು ಕಳೆದುಕೊಂಡಿತು.

ಪತನದ ಪ್ರಶ್ನೆ

ದೇವರು ಒಂದು ರಾಜ್ಯಕ್ಕೆ ಒಲಿದಿದ್ದರೆ ಆ ರಾಜ್ಯ ಸೋಲುವುದೇಕೆ ಎಂಬ ಪ್ರಶ್ನೆ ಈ ನಂಬಿಕೆಯ ಮುಖ್ಯ ತೊಡಕು. ವಾಸಂತಿಕೆಯ ವರ ಪಡೆದ ಹೊಯ್ಸಳರು 14ನೇ ಶತಮಾನದ ನಡುವೆ ಅಳಿದರು. ವಿರೂಪಾಕ್ಷನ ರಾಜಧಾನಿ ಹಾಳಾಯಿತು. ಇದಕ್ಕೆ ಪರಂಪರೆಗಳು ನೀಡುವ ಸಾಮಾನ್ಯ ಉತ್ತರವೆಂದರೆ, ಅನುಗ್ರಹವು ಷರತ್ತಿಗೆ ಒಳಪಟ್ಟಿದೆ ಎಂಬುದು. ಚೀನಾದ ‘ಸ್ವರ್ಗಾದೇಶ’ದ ಸಿದ್ಧಾಂತದಲ್ಲಿ ದುರಾಡಳಿತ ನಡೆಸಿದ ವಂಶವು ಆಳುವ ಹಕ್ಕನ್ನು ಕಳೆದುಕೊಳ್ಳುತ್ತದೆ. ಯಹೂದಿ ಪರಂಪರೆಯಲ್ಲಿ ಇಸ್ರೇಲರು ದೇವರು ಆರಿಸಿದ ಜನ. ಆದರೆ ಆ ಆಯ್ಕೆ ಹೆಚ್ಚಿನ ಹೊಣೆಯನ್ನು ಹೊರಿಸುತ್ತದೆ. ಪ್ರವಾದಿ ಆಮೋಸನ ಗ್ರಂಥವು ದೇವರು ಫಿಲಿಷ್ಟಿಯರನ್ನೂ ಕರೆತಂದು ನೆಲೆಗೊಳಿಸಿದನೆಂದು ನೆನಪಿಸುತ್ತದೆ. ಕುರ್‌ಆನ್ 49ನೇ ಅಧ್ಯಾಯದಲ್ಲಿ ಜನಾಂಗಗಳಿರುವುದು ಪರಸ್ಪರ ಪರಿಚಯಕ್ಕಾಗಿ, ಹಿರಿಮೆ ಇರುವುದು ಧರ್ಮನಿಷ್ಠೆಯಲ್ಲಿ ಎನ್ನುತ್ತದೆ. ಭಗವದ್ಗೀತೆಯ 9ನೇ ಅಧ್ಯಾಯದಲ್ಲಿ ಕೃಷ್ಣನು ತನಗೆ ದ್ವೇಷ್ಯನೂ ಪ್ರಿಯನೂ ಇಲ್ಲವೆಂದು ಹೇಳುತ್ತಾನೆ.

ಆಧುನಿಕ ಕಾಲದಲ್ಲಿ

ಭಾರತದ ಸಂವಿಧಾನ ರಚನಾ ಸಭೆಯಲ್ಲಿ ಈ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಯಿತು. ಮಂಗಳೂರಿನಲ್ಲಿ ಜನಿಸಿದ ಎಚ್. ವಿ. ಕಾಮತ್ ಅವರು 1949ರ ಅಕ್ಟೋಬರ್ 17ರಂದು, ಪ್ರಸ್ತಾವನೆಯು ದೇವರ ಹೆಸರಿನೊಂದಿಗೆ ಆರಂಭವಾಗಬೇಕೆಂದು ತಿದ್ದುಪಡಿ ಮಂಡಿಸಿದರು. 41 ಮಂದಿ ಪರವಾಗಿಯೂ 68 ಮಂದಿ ವಿರುದ್ಧವಾಗಿಯೂ ಮತ ನೀಡಿದ್ದರಿಂದ ಅದು ಬಿದ್ದುಹೋಯಿತು. ಪ್ರಸ್ತಾವನೆಯು ಭಾರತದ ಜನತೆಯ ಹೆಸರಿನಲ್ಲೇ ಆರಂಭವಾಗುತ್ತದೆ.

ಕರ್ನಾಟಕದಲ್ಲಿ ನಾಡನ್ನು ಭುವನೇಶ್ವರಿ ದೇವಿಯ ರೂಪದಲ್ಲಿ ಕಾಣುವ ಸಂಪ್ರದಾಯ ಏಕೀಕರಣ ಚಳವಳಿಯೊಂದಿಗೆ ಬಲಗೊಂಡಿತು. 2004ರಲ್ಲಿ ನಾಡಗೀತೆಯಾಗಿ ಅಂಗೀಕೃತವಾದ ಕುವೆಂಪು ಅವರ ಕವನವೂ ಕರ್ನಾಟಕವನ್ನು ತಾಯಿಯಾಗಿ ಸ್ತುತಿಸುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಹಿರೇಕೊಡಿಗೆಯಲ್ಲಿ ಜನಿಸಿದ ಅದೇ ಕವಿ ಜಾತಿ, ಮತ ಮತ್ತು ದೇಶಗಳ ಎಲ್ಲೆ ಮೀರಿದ ವಿಶ್ವಮಾನವ ತತ್ತ್ವವನ್ನು ಪ್ರತಿಪಾದಿಸಿದರು. ತನ್ನ ನಾಡನ್ನು ಪೂಜ್ಯವೆಂದು ಭಾವಿಸುವುದಕ್ಕೂ ಇತರ ನಾಡುಗಳು ದೇವರಿಗೆ ಕಡಿಮೆ ಪ್ರಿಯವೆಂದು ಭಾವಿಸುವುದಕ್ಕೂ ಇರುವ ಅಂತರ ಇವೆರಡರಲ್ಲಿ ಒಟ್ಟಿಗೆ ಕಾಣುತ್ತದೆ.