ಫೋಲ್ಡರ್ ನಕಲಿಗೆ ರೋಬೋಕಾಪಿ: ಬಳಕೆಗೆ ಮುನ್ನ ಎಚ್ಚರವಿರಲಿ

ಕಂಪ್ಯೂಟರ್‌ನ ಫೋಲ್ಡರ್ ಒಂದನ್ನು ಮತ್ತೊಂದು ಡಿಸ್ಕ್‌ಗೆ ನಕಲಿಸಲು ಹೆಚ್ಚಿನವರು ಮೌಸ್ ಬಳಸುತ್ತಾರೆ. ಆದರೆ ಸಾವಿರಾರು ಕಡತಗಳ ನಕಲು ನಡುವೆಯೇ ಸ್ಥಗಿತಗೊಂಡರೆ ಎಷ್ಟು ತಲುಪಿದವು, ಎಷ್ಟು ಉಳಿದವು ಎಂದು ತಿಳಿಯುವುದು ಕಷ್ಟ. ಇಂತಹ ಕೆಲಸಕ್ಕೆ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿರುವ ‘ರೋಬೋಕಾಪಿ’ ಆದೇಶ ಹೆಚ್ಚು ಸೂಕ್ತ.

ಡಾಸ್ ಕಾಲದ ‘ಕಾಪಿ’ ಆದೇಶವು ಒಳಫೋಲ್ಡರ್‌ಗಳನ್ನು ನಕಲಿಸುವುದಿಲ್ಲ. ಬಳಿಕ ಬಂದ ‘ಎಕ್ಸ್‌ಕಾಪಿ’ ಈ ಕೊರತೆ ನೀಗಿಸಿತಾದರೂ, ಫೋಲ್ಡರ್‌ಗಳ ಹೆಸರೂ ಸೇರಿ ಕಡತದ ವಿಳಾಸ 254 ಅಕ್ಷರ ಮೀರಿದರೆ ಕೆಲಸ ನಿಲ್ಲಿಸುತ್ತದೆ. ವಿಂಡೋಸ್ ಎನ್‌ಟಿ 4.0ರ ರಿಸೋರ್ಸ್ ಕಿಟ್‌ನಲ್ಲಿದ್ದ ರೋಬೋಕಾಪಿಗೆ ಈ ಮಿತಿಯಿಲ್ಲ. 2007ರ ಜನವರಿಯಲ್ಲಿ ಸಾಮಾನ್ಯ ಬಳಕೆದಾರರಿಗೆ ದೊರೆತ ವಿಂಡೋಸ್ ವಿಸ್ಟಾದಿಂದ ಅದು ವಿಂಡೋಸ್‌ನೊಂದಿಗೇ ಬರುತ್ತಿದೆ.

ಬಳಕೆ ಹೇಗೆ?
ಮೊದಲು ಆದೇಶದ ಹೆಸರು, ನಂತರ ಮೂಲ ಫೋಲ್ಡರ್‌ನ ವಿಳಾಸ, ಆನಂತರ ಗುರಿ ಫೋಲ್ಡರ್‌ನ ವಿಳಾಸವನ್ನು ಟೈಪ್ ಮಾಡಬೇಕು. ವಿಳಾಸದಲ್ಲಿ ಖಾಲಿ ಜಾಗವಿದ್ದರೆ ಅದನ್ನು ಜೋಡಿ ಉದ್ಧರಣ ಚಿಹ್ನೆಗಳೊಳಗೆ ಇಡಬೇಕು. ಕೊನೆಯಲ್ಲಿ ಓರೆಗೆರೆಯೊಂದಿಗೆ ಇಂಗ್ಲಿಷಿನ ‘ಇ’ ಅಕ್ಷರ ಸೇರಿಸಿದರೆ ಖಾಲಿ ಫೋಲ್ಡರ್‌ಗಳೂ ಸೇರಿದಂತೆ ಎಲ್ಲ ಒಳಫೋಲ್ಡರ್‌ಗಳು ನಕಲಾಗುತ್ತವೆ. ಅದೇ ಆದೇಶವನ್ನು ಮತ್ತೆ ನೀಡಿದರೆ ಹೊಸ ಹಾಗೂ ಬದಲಾದ ಕಡತಗಳಷ್ಟೇ ನಕಲಾಗುವುದರಿಂದ ಸಮಯ ಉಳಿಯುತ್ತದೆ.

ಮುಗಿಯದ ಪ್ರಯತ್ನ
ಯಾವುದಾದರೂ ಕಡತ ನಕಲಾಗದಿದ್ದರೆ ರೋಬೋಕಾಪಿ 30 ಸೆಕೆಂಡುಗಳ ಅಂತರದಲ್ಲಿ 10 ಲಕ್ಷ ಬಾರಿ ಮರುಪ್ರಯತ್ನಿಸುತ್ತದೆ. ಅಂದರೆ ಒಂದೇ ಕಡತಕ್ಕಾಗಿ ಸುಮಾರು 347 ದಿನ! ಇದನ್ನು ತಪ್ಪಿಸಲು ಓರೆಗೆರೆ, ‘ಆರ್’ ಅಕ್ಷರ, ಕೋಲನ್ ಹಾಗೂ 3 ಎಂಬ ಅಂಕಿಯನ್ನು ಆದೇಶಕ್ಕೆ ಸೇರಿಸಿದರೆ ಮರುಪ್ರಯತ್ನ ಮೂರಕ್ಕೆ ಸೀಮಿತವಾಗುತ್ತದೆ. ‘ಆರ್’ ಬದಲು ‘ಡಬ್ಲ್ಯು’ ಬಳಸಿ ಕಾಯುವ ಸೆಕೆಂಡುಗಳನ್ನೂ ನಿಗದಿಪಡಿಸಬಹುದು.

ಅಪಾಯ ಎಲ್ಲಿ?
‘ಎಂಐಆರ್’ ಎಂಬ ಆಯ್ಕೆಯು ಗುರಿ ಫೋಲ್ಡರನ್ನು ಮೂಲದ ಪ್ರತಿಬಿಂಬವಾಗಿಸುತ್ತದೆ. ಮೂಲದಲ್ಲಿಲ್ಲದ ಕಡತಗಳು ಗುರಿಯಲ್ಲಿದ್ದರೆ, ಅನುಮತಿ ಕೇಳದೆ ಅವುಗಳನ್ನು ಅಳಿಸಿಹಾಕುತ್ತದೆ. ಅವು ರೀಸೈಕಲ್ ಬಿನ್‌ಗೂ ಹೋಗುವುದಿಲ್ಲ. ಎರಡು ವಿಳಾಸಗಳು ಅದಲುಬದಲಾಗಿ, ಖಾಲಿ ಫೋಲ್ಡರೇ ಮೂಲವೆನಿಸಿದರೆ ವರ್ಷಗಳ ದಾಖಲೆ, ಛಾಯಾಚಿತ್ರಗಳು ಕ್ಷಣಾರ್ಧದಲ್ಲಿ ಇಲ್ಲವಾಗಬಹುದು.

ಆದ್ದರಿಂದ ಮೊದಲು ಆದೇಶದ ಕೊನೆಗೆ ಓರೆಗೆರೆಯೊಂದಿಗೆ ‘ಎಲ್’ ಸೇರಿಸಿ ಪರೀಕ್ಷಿಸುವುದು ಸುರಕ್ಷಿತ. ಆಗ ಯಾವುದು ನಕಲಾಗಲಿದೆ, ಯಾವುದು ಅಳಿಯಲಿದೆ ಎಂಬ ಪಟ್ಟಿ ಮಾತ್ರ ತೆರೆಯ ಮೇಲೆ ಮೂಡುತ್ತದೆ; ಕಡತಗಳಿಗೆ ಯಾವ ಬದಲಾವಣೆಯೂ ಆಗದು. ಪಟ್ಟಿ ಸರಿಯಿದ್ದರೆ ‘ಎಲ್’ ತೆಗೆದು ಆದೇಶ ನೀಡಬಹುದು. ಕೆಲಸ ಮುಗಿದಾಗ ಕಾಣುವ ಸಾರಾಂಶದ ‘ಫೇಲ್ಡ್’ ಕಾಲಮ್‌ನಲ್ಲಿ ಸೊನ್ನೆ ಇದೆಯೇ ಎಂದು ನೋಡಿಕೊಳ್ಳದೆ ಮೂಲ ಕಡತಗಳನ್ನು ಅಳಿಸುವುದು ತರವಲ್ಲ.