ಡಿಕ್ಲರೇಷನ್ ಆದ ಜಾಗ

ಸಮಾಜ ಸುಧಾರಣೆ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಹೈಸ್ಕೂಲಿನ ಸಮಾಜ ಪುಸ್ತಕ. ಒಂದು ಪುಟದಲ್ಲಿ ರಾಜಾರಾಮ ಮೋಹನ ರಾಯ್, ಇನ್ನೊಂದರಲ್ಲಿ ಜ್ಯೋತಿಬಾ ಫುಲೆ, ಕೊನೆಗೆ ಐದು ಅಂಕದ ಪ್ರಶ್ನೆ. ದೊಡ್ಡವರು ಬಂದರು, ಬುದ್ಧಿ ಹೇಳಿದರು, ಜನ ಬದಲಾದರು ಅನ್ನೋ ಹಾಗೆ ಕತೆ. ಬುದ್ಧಿಮಾತಿಗೆ ಜನ ಬದಲಾಗುವ ಹಾಗಿದ್ದರೆ ಬಸವಣ್ಣನ ಕಾಲಕ್ಕೇ ಎಲ್ಲ ಮುಗಿದುಹೋಗಬೇಕಿತ್ತು, ಅಲ್ವಾ? ನಮ್ಮ ಉಡುಪಿ ಕಡೆಯ ಚರಿತ್ರೆ ಓದುತ್ತಾ ಹೋದ ಹಾಗೆ ನನಗೆ ಅನಿಸಿದ್ದು ಬೇರೆ. ಇಲ್ಲಿ ಸುಧಾರಣೆ ನಿಂತದ್ದು, ಅದುವರೆಗೆ ಲೆಕ್ಕಕ್ಕೇ ಇಲ್ಲದವರ ಹೆಸರು ಯಾವುದಾದರೂ ಒಂದು ಪುಸ್ತಕಕ್ಕೆ ಏರಿದಾಗ. ಹಾಜರಿ ಪುಸ್ತಕ, ಪಾಸ್‌ಬುಕ್, ಪಹಣಿ.

ಹಾಜರಿ ಪುಸ್ತಕದಿಂದ ಶುರು ಮಾಡೋಣ. ಉಡುಪಿ, ಕಾಪು, ಕಾರ್ಕಳ ಎಲ್ಲವೂ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲ. ಕಾಸರಗೋಡಿನಲ್ಲಿ 1859ರಲ್ಲಿ ಹುಟ್ಟಿದ ಕುದ್ಮುಲ್ ರಂಗರಾವ್ ಮಂಗಳೂರಿನಲ್ಲಿ ವಕೀಲರಾಗಿದ್ದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಅಂದಿನ ಕಾಲದಲ್ಲಿ ಆ ಮಕ್ಕಳಿಗೆ ಪಾಠ ಹೇಳಲು ಮೇಷ್ಟ್ರು ಸಿಗುವುದೇ ಕಷ್ಟ. ಸ್ವಂತ ಜಾತಿಯವರು ರಂಗರಾಯರಿಗೆ ಬಹಿಷ್ಕಾರ ಹಾಕಿದರು. ಅವರು ಭಾಷಣ ಮಾಡುತ್ತಾ ಕೂರಲಿಲ್ಲ. ಶಾಲೆಯ ಜೊತೆಗೆ ಕೈಕಸುಬು ಕಲಿಸಿದರು, ಮನೆ ಕಟ್ಟಲು ಜಾಗ ಹುಡುಕಿದರು. ತನ್ನ ಶಾಲೆಯಲ್ಲಿ ಕಲಿತ ಮಗುವೊಂದು ದೊಡ್ಡದಾಗಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಅನ್ನುವುದು ಅವರ ಆಸೆಯಾಗಿತ್ತು ಎಂದು ಇವತ್ತಿಗೂ ಕರಾವಳಿಯಲ್ಲಿ ಹೇಳುತ್ತಾರೆ. ಹಾಜರಿ ಕೂಗುವಾಗ ಆ ಮಕ್ಕಳ ಹೆಸರೂ ಬಂತು ನೋಡಿ, ಬದಲಾವಣೆ ಅಲ್ಲಿಂದ ಶುರು.

ಎರಡನೆಯದು ಪಾಸ್‌ಬುಕ್. ಇದನ್ನು ಯಾರೂ ಚಳವಳಿ ಅಂತ ಕರೆಯುವುದಿಲ್ಲ. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದಿಂದ ಒಂದು ಬ್ಯಾಂಕ್ ತೆರೆದರು. ಕಷ್ಟಕ್ಕೆ ಸಿಕ್ಕಿದ್ದ ಕೈಮಗ್ಗದ ನೇಕಾರರಿಗೆ ಸಾಲ ಕೊಡುವುದು ಮೊದಲ ಉದ್ದೇಶ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಇದೇ. 1928ರಲ್ಲಿ ಪಿಗ್ಮಿ ಬಂತು: ಏಜೆಂಟ್ ದಿನಾ ಮನೆಬಾಗಿಲಿಗೆ ಬಂದು ಎರಡಾಣೆ ತಗೊಂಡು ಬರೆದುಕೊಂಡು ಹೋಗುವುದು. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುವವರ ಹತ್ತಿರ ಬ್ಯಾಂಕೇ ನಡೆದುಕೊಂಡು ಹೋಯಿತು. ದಿನಗೂಲಿಯವರ ಮನೆಗೂ ತಮ್ಮದೇ ಹೆಸರಿನ ಲೆಕ್ಕವೊಂದು ಬರುವ ದಾರಿ ಆಯಿತು. ಮಣಿಪಾಲದಲ್ಲಿ ಓದಿ ಕೆಲಸ ಹಿಡಿದ ನಮ್ಮಲ್ಲಿ ಅನೇಕರಿಗೆ ಅಲ್ಲಿನ ಕ್ಯಾಂಪಸ್ ಗೊತ್ತು, ಈ ಎರಡಾಣೆ ಗೊತ್ತಿಲ್ಲ.

ಆದರೆ ಊರಿನ ರೂಪವನ್ನೇ ತಿರುಗಿಸಿ ಹಾಕಿದ್ದು ಮೂರನೆಯದು. ನಮ್ಮ ಕಡೆ ಹಿರಿಯರ ಬಾಯಲ್ಲಿ ನೀವು ಕೇಳಿರುತ್ತೀರಿ: 'ಅದು ಡಿಕ್ಲರೇಷನ್ ಆದ ಜಾಗ.' ಕಾಪುವಿನ ಹತ್ತಿರದ ನಮ್ಮ ಗದ್ದೆಯೂ ಅಂಥದ್ದೇ. ಅಜ್ಜ ಅದರಲ್ಲಿ ಉತ್ತು ಬಿತ್ತಿದ್ದು ಹಲವು ವರ್ಷ, ಆದರೆ ಅದು ಅವರದ್ದಲ್ಲ. ಚಾಲಗೇಣಿ. ಮೂಲಗೇಣಿಯವನಿಗೆ ಕಾಯಂ ಹಕ್ಕು. ಚಾಲಗೇಣಿಯವನಿಗೆ ವರ್ಷದ ಮಾತು ಮಾತ್ರ. ಬೆಳೆ ಬಂದ ಕೂಡಲೇ ಅಕ್ಕಿ ಮುಡಿ ಕಟ್ಟಿ ಧಣಿಗಳ ಮನೆಗೆ ಮುಟ್ಟಿಸಬೇಕು. ಹಬ್ಬಕ್ಕೆ ಬಾಳೆಗೊನೆ, ತರಕಾರಿ ಬೇರೆ. ಮಳೆ ಕೈಕೊಟ್ಟರೂ ಗೇಣಿ ನಿಲ್ಲುವ ಹಾಗಿಲ್ಲ. ಧಣಿಗೆ ಸಿಟ್ಟು ಬಂದರೆ ಮುಂದಿನ ವರ್ಷ ಗದ್ದೆ ಇನ್ನೊಬ್ಬನಿಗೆ. ಇಂಥವನು ಪಂಚಾಯತಿಯಲ್ಲಿ ಧಣಿಯ ಎದುರು ಮಾತಾಡುವುದುಂಟೇ? ಗೇಣಿ ಬರೀ ಅಕ್ಕಿಯ ಲೆಕ್ಕ ಆಗಿರಲಿಲ್ಲ, ಬಾಯಿಗೆ ಹಾಕಿದ ಬೀಗವೂ ಆಗಿತ್ತು.

ಈ ಬೀಗ ತೆಗೆಯಲು ಜನ ಜೀವ ಕೊಟ್ಟಿದ್ದಾರೆ. ಆಗ ನಮ್ಮದೇ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕಿನ ಕಯ್ಯೂರಿನಲ್ಲಿ 1941ರಲ್ಲಿ ರೈತರು ಎದ್ದು ನಿಂತರು. 1943ರ ಮಾರ್ಚ್ 29ರಂದು ನಾಲ್ವರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. 1951ರಲ್ಲಿ ಘಟ್ಟದ ಮೇಲೆ ಸಾಗರದ ಕಾಗೋಡಿನಲ್ಲಿ, ಗೇಣಿ ಅಳೆಯುವ ಕೊಳಗದ ಗಾತ್ರದ ಜಗಳವೇ ಸತ್ಯಾಗ್ರಹವಾಗಿ ಬೆಳೆಯಿತು. 1961ರಲ್ಲಿ ಭೂಸುಧಾರಣೆ ಕಾಯ್ದೆ ಆಯಿತು, 1965ರಲ್ಲಿ ಜಾರಿಗೂ ಬಂತು. ಆದರೆ ಸ್ವಂತ ಬೇಸಾಯ ಮಾಡುತ್ತೇನೆ ಅಂತ ಒಡೆಯ ಗದ್ದೆ ವಾಪಸ್ ಕೇಳುವ ದಾರಿ ಅದರಲ್ಲಿ ತೆರೆದೇ ಇತ್ತು.

ದೇವರಾಜ ಅರಸು ಸರಕಾರದ ತಿದ್ದುಪಡಿ ಆ ದಾರಿ ಮುಚ್ಚಿತು. 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರಕಾರದ್ದು. ಉಳುವವನು ಏಳನೇ ನಂಬರಿನ ಫಾರಂ ತುಂಬಿ ಹಕ್ಕು ಕೇಳಬೇಕು. ಆ ಸಂಪುಟದಲ್ಲಿ ಭೂಸುಧಾರಣೆ ನೋಡಿಕೊಂಡವರು ನಮ್ಮ ಕರಾವಳಿಯವರೇ, ಸುರತ್ಕಲ್‌ನ ಬಿ. ಸುಬ್ಬಯ್ಯ ಶೆಟ್ಟಿ. ನನಗೆ ಇದರಲ್ಲಿ ಕುತೂಹಲ ಹುಟ್ಟಿಸುವುದು ಘೋಷಣೆಗಿಂತ ಮೆಕ್ಯಾನಿಸಂ. ತೀರ್ಮಾನವನ್ನು ಸಿವಿಲ್ ಕೋರ್ಟಿಗೆ ಬಿಡದೆ ಭೂ ನ್ಯಾಯಮಂಡಳಿಗೆ ಕೊಟ್ಟರು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಸರಕಾರ ನೇಮಿಸಿದ ನಾಲ್ವರು ಸದಸ್ಯರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಲೇಬೇಕು. ಮೊದಲಿಗೆ ವಕೀಲರಿಗೆ ಒಳಗೆ ಪ್ರವೇಶವೇ ಇರಲಿಲ್ಲ. ಯೋಚನೆ ಮಾಡಿ: ಒಕ್ಕಲಿನ ಕೈಯಲ್ಲಿ ಎಷ್ಟೋ ಸಲ ಗೇಣಿ ಕೊಟ್ಟ ರಸೀದಿಯೂ ಇಲ್ಲ. ಎದುರಿಗೆ ಧಣಿ ದೊಡ್ಡ ವಕೀಲರನ್ನು ಕರೆತಂದಿದ್ದರೆ ಕೇಸು ಅಲ್ಲಿಗೇ ಮುಗಿಯುತ್ತಿತ್ತು. ನೆರೆಯವನ ಸಾಕ್ಷಿಯಾದರೂ ನಡೆಯುವ ಜಾಗ ಬೇಕಿತ್ತು. ಅರ್ಜಿ ಹಾಕಲು ಧೈರ್ಯ ಸಾಲದವರಿಗೂ ಕಾಲ ಸಿಗಲಿ ಎಂಬ ಹಾಗೆ ಗಡುವು 1979ರ ಜೂನ್ 30ರವರೆಗೂ ಮುಂದೆ ಹೋಯಿತು.

ನಷ್ಟ ಆದವರೂ ಇದ್ದಾರೆ. ಎಲ್ಲ ಒಡೆಯರೂ ಗುತ್ತಿನ ಧಣಿಗಳಲ್ಲ. ಗೇಣಿ ಅಕ್ಕಿಯನ್ನೇ ನಂಬಿದ್ದ ಸಣ್ಣ ಕುಟುಂಬಗಳಿದ್ದವು, ವಿಧವೆಯರಿದ್ದರು. ಕಾರ್ಕಳ ಕಡೆಯ ಕೆಲವು ಮನೆಗಳಲ್ಲಿ ಆ ಸಿಟ್ಟು ಮೊಮ್ಮಕ್ಕಳವರೆಗೂ ಬಂದಿದೆ. ಆದರೂ ಇಷ್ಟಂತೂ ನಿಜ: ಪಹಣಿಯಲ್ಲಿ ಹೆಸರು ಬಂದ ಮೇಲೆ ನಮ್ಮ ಅಜ್ಜನಂಥವರು ಧಣಿಗಳ ಅಂಗಳದಲ್ಲಿ ನಿಂತು ಮಾತಾಡುವ ರೀತಿಯೇ ಬದಲಾಯಿತು. ಅದೇ ಗದ್ದೆ ಅಡವಿಟ್ಟು ಮಕ್ಕಳನ್ನು ಕಾಲೇಜಿಗೆ ಕಳಿಸಿದರು. ನಾನು ಲ್ಯಾಪ್‌ಟಾಪ್ ಮುಂದೆ ಕೂತು ಸಂಬಳ ತಗೊಳ್ಳುವುದಕ್ಕೂ ಆ ಏಳನೇ ಫಾರಂಗೂ ನೇರ ಸಂಬಂಧ ಇದೆ.

ಇಲ್ಲಿಗೆ ನಿಲ್ಲಿಸಿದರೆ ಕತೆ ಚೆಂದ. ಆದರೆ ಶಿವರಾಮ ಕಾರಂತರ ಚೋಮ ಬಿಡಬೇಕಲ್ಲ! 1933ರ ಆ ಕಾದಂಬರಿಯಲ್ಲಿ ಚೋಮನಿಗೆ ಇರುವ ಒಂದೇ ಆಸೆ, ತಾನೂ ಒಂದು ತುಂಡು ಗದ್ದೆ ಬೇಸಾಯ ಮಾಡಬೇಕು. ಹುಟ್ಟಿದ ಜಾತಿಯ ಕಾರಣಕ್ಕೆ ಅವನಿಗೆ ಗೇಣಿಗೂ ಗದ್ದೆ ಸಿಗುವುದಿಲ್ಲ. ಅವನು 1974ರವರೆಗೆ ಬದುಕಿದ್ದಾನೆ ಅಂತ ಇಟ್ಟುಕೊಳ್ಳಿ. ಡಿಕ್ಲರೇಷನ್ ಕೊಡಬಹುದಿತ್ತೇ? ಇಲ್ಲ. ಕಾನೂನು ಕೇಳಿದ್ದು 'ನೀನು ಗೇಣಿಗೆ ಉಳುತ್ತಿದ್ದೆಯಾ' ಎಂದು. ಚೋಮ ಆಳು, ಒಕ್ಕಲಲ್ಲ. ಕೂಲಿಯಾಳುಗಳಿಗೆ ಗುಡಿಸಲಿನ ಅಡಿಯ ನೆಲದ ಹಕ್ಕು ಕೇಳುವ ಅವಕಾಶವಿತ್ತು, ಗದ್ದೆಯದ್ದಲ್ಲ. ಉಳುವವನೇ ಹೊಲದೊಡೆಯ ಅಂದಾಗ ಆ 'ಉಳುವವನು' ಯಾರು ಎಂಬುದನ್ನು ಹಳೆಯ ಜಾತಿ ಲೆಕ್ಕವೇ ಅರ್ಧ ತೀರ್ಮಾನಿಸಿ ಆಗಿತ್ತು.

ಕೊರಗರ ವಿಷಯ ಇನ್ನೂ ಕಠಿಣ. ಕಾಡಿನ ಬಳ್ಳಿಯಿಂದ ಬುಟ್ಟಿ ಹೆಣೆದು ಬದುಕಿದ ಜನ. ಗೇಣಿಯ ಮಾತೇ ಇಲ್ಲ. ಉಗುರು, ಕೂದಲು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸಿದರೆ ತಮ್ಮ ಕಷ್ಟ ಅವರಿಗೆ ದಾಟುತ್ತದೆ ಎಂದು ನಂಬಿದ ಅಜಲು ಪದ್ಧತಿಯನ್ನು ಕಾನೂನು ನಿಷೇಧಿಸಿದ್ದು 2000ದಲ್ಲಿ. ನಾವು ಹುಟ್ಟಿದ ಮೇಲೆ! ಅದೂ ಸುಮ್ಮನೆ ಬಂದದ್ದಲ್ಲ, ಅವರೇ ಸಂಘಟನೆ ಕಟ್ಟಿ ಬೀದಿಗಿಳಿದು ಕೇಳಿದ ಮೇಲೆ ಬಂದದ್ದು. ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಬೇಕು ಎಂದು ಮುಹಮ್ಮದ್ ಪೀರ್ ವರದಿ ಹೇಳಿತ್ತು. ಆ ಭೂಮಿಯ ಬೇಡಿಕೆ ಹಿಡಿದು ಅವರು ಈಗಲೂ ಡಿಸಿ ಆಫೀಸಿನ ಮುಂದೆ ಕೂರುತ್ತಾರೆ.

ಈ ಸಲ ರಜೆಗೆ ಊರಿಗೆ ಹೋದಾಗ ಮನೆಯ ಹಳೇ ಫೈಲ್ ಒಮ್ಮೆ ತೆಗೆಸಿ ನೋಡಿ. ಡಿಕ್ಲರೇಷನ್ ಕಾಗದ ಸಿಕ್ಕರೆ ಖುಷಿಪಡಿ, ಅದಕ್ಕೆ ಜನ ಬೆಲೆ ಕೊಟ್ಟಿದ್ದಾರೆ. ಆಮೇಲೆ ಅಜ್ಜಿಯನ್ನೋ ಅಮ್ಮನನ್ನೋ ಇನ್ನೊಂದು ಮಾತು ಕೇಳಿ: ಈ ಗದ್ದೆಯಲ್ಲಿ ನೇಜಿ ನೆಡಲು ಬರುತ್ತಿದ್ದವರು ಯಾರು? ಅವರ ಮಕ್ಕಳು ಈಗ ಎಲ್ಲಿದ್ದಾರೆ, ಅವರ ಹೆಸರಲ್ಲಿ ಎಷ್ಟು ಸೆಂಟ್ಸ್ ಇದೆ?